ಪೇಟೆಯ ಪ್ಲಮ್ಮು, ಬದುವಿನ ನೇರಳೆ
(ಸಂಘದ ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ಬಳ್ಳಿ ಹಬ್ಬುತ್ತ ಹಬ್ಬುತ್ತ ನಮ್ಮ ಹಾನಗಲ್ಲ ಸೀಮೆಯ ಊರೂರಿಗೂ ಬಂದಿದೆ. ಸಾಲ, ಬಡ್ಡಿ, ಗೊಬ್ಬರ, ಬೀಜ ಇವುಗಳ ಬಗ್ಗೆ ಹೇಳಬೇಕಾದವರು ನಿನ್ನೆಯೇ ಹೇಳಿದ್ದಾರೆ. ನಾವು ಲೆಕ್ಕಪತ್ರದ ಮನುಷ್ಯರಲ್ಲ. ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಸಹಾಯಕರಾಗಿ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಹಚ್ಚಿಕೊಳ್ಳುತ್ತ, ಸೈಕಲ್ ಮೇಲೆ ತಾಲೂಕು ತಿರುಗಿ ನಿವೃತ್ತರಾದವರು. ಕಾರ್ಯದರ್ಶಿಗಳು ಬಂದು, "ಹಣ್ಣು-ಹಂಪಲದ ಬಗ್ಗೆ ನಾಲ್ಕು ಮಾತು ಹೇಳ್ರಿ ಸರ್, ಆದ್ರ ಭಾಳ ಉದ್ದ ಮಾಡಬ್ಯಾಡ್ರಿ" ಎಂದರು. ಮೊದಲನೆಯದನ್ನು ಒಪ್ಪಿಕೊಂಡೆವು.

ಒಂದು ಚೀಲ ಪ್ಲಮ್ ಹಣ್ಣಿನಿಂದ ಶುರು ಮಾಡುತ್ತೇವೆ. ಹೋದ ಮಳೆಗಾಲದ ಹಿಂದಿನ ಮಳೆಗಾಲ. ನಮ್ಮ ಅಣ್ಣಾರು ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಮಲಗಿದ್ದರು. ಯಾಕೆ ಮಲಗಿದ್ದರು ಅನ್ನುವುದನ್ನು ಆಮೇಲೆ ಹೇಳುತ್ತೇವೆ. ನೋಡಲು ಬಂದ ಬೀಗರೊಬ್ಬರು ಕೆಂಪಗೆ, ನುಣ್ಣಗೆ, ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರದ ಹಣ್ಣುಗಳನ್ನು ಒಂದು ಕಿಲೋ ತಂದಿಟ್ಟರು. ಮುನ್ನೂರು ರೂಪಾಯಿಯಂತೆ. ಮೊಮ್ಮಗಳು ಒಂದು ಕೈಯಲ್ಲಿ ಹಿಡಿದು, "ಅಜ್ಜಾ, ಇದಕ ಕನ್ನಡದಾಗ ಏನಂತಾರ?" ಎಂದು ಕೇಳಿದಳು. ನಮಗೆ ಹೊಳೆಯಲಿಲ್ಲ. ಪಕ್ಕದ ಹಾಸಿಗೆಯ ಮುಸಲ್ಮಾನ ಮುದುಕರು, "ಆಲೂಬುಖಾರಾ ಅಂತಾರ್ರೀ" ಎಂದರು. ಆಲೂ ಎಂದರೆ ಫಾರಸಿಯಲ್ಲಿ ಪ್ಲಮ್, ಬುಖಾರಾ ಎಂದರೆ ಮಧ್ಯ ಏಷಿಯಾದ ಊರು. ಹೆಸರೇ ಪರಊರಿನದು.

ಅಣ್ಣಾರು ಹಣ್ಣನ್ನು ಮುಟ್ಟಲಿಲ್ಲ. ನಮ್ಮನ್ನೇ ಕೇಳಿದರು: "ತಮ್ಮಾ, ನೀ ಆರೋಗ್ಯ ಇಲಾಖೆಯಾಗ ಇದ್ದಾವ. ಇದನ್ನ ನಾ ತಿನ್ನಬಹುದೇನು?" ಆ ಪ್ರಶ್ನೆಯಲ್ಲಿ ಒಂದು ಮುಳ್ಳು ಇತ್ತು. ಅದು ನಮಗೂ ಗೊತ್ತು, ಅವರಿಗೂ ಗೊತ್ತು.

ಮೊದಲು ಹಣ್ಣಿನ ಮಾತು. ಪ್ಲಮ್ ಒಳ್ಳೆಯ ಹಣ್ಣೇ, ಅದರಲ್ಲಿ ಎರಡು ಮಾತಿಲ್ಲ. ನೂರು ಗ್ರಾಂ ತಿಂದರೆ ಅದರಲ್ಲಿ ಸುಮಾರು 87 ಗ್ರಾಂ ಬರೀ ನೀರು. ಸಕ್ಕರೆ ಹತ್ತು ಗ್ರಾಂ ಆಸುಪಾಸು, ಶಕ್ತಿ ಸುಮಾರು 46 ಕ್ಯಾಲೊರಿ, ಸಿ ಜೀವಸತ್ವ ಹತ್ತು ಮಿಲಿಗ್ರಾಂ ಹತ್ತಿರ. ಜೊತೆಗೆ ಪೊಟ್ಯಾಸಿಯಂ ಇದೆ, ನಾರು ಇದೆ, ಕೆ ಜೀವಸತ್ವವೂ ಇದೆ. ಒಣಗಿಸಿದ ಪ್ಲಮ್ಮಿಗೆ ಇಂಗ್ಲಿಷಿನವರು ಪ್ರೂನ್ ಎನ್ನುತ್ತಾರೆ. ಅದರಲ್ಲಿ ನಾರಿನ ಜೊತೆಗೆ ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥ ಹೆಚ್ಚಾಗಿದ್ದು, ಅದು ಕರುಳಿಗೆ ನೀರು ಎಳೆದುಕೊಂಡು ಮಲವನ್ನು ಸಡಿಲ ಮಾಡುತ್ತದೆ. ಮಲಬದ್ಧತೆಗೆ ಅದು ನಿಜವಾಗಿಯೂ ಉಪಯೋಗಿ. ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 50 ಗ್ರಾಂ ಒಣ ಪ್ಲಮ್ ಒಂದು ವರ್ಷ ಕೊಟ್ಟು ನೋಡಿದರು. ಸೊಂಟದ ಎಲುಬು ಸವೆಯುವುದು ತಗ್ಗಿತು ಎಂಬ ವರದಿ 2022ರಲ್ಲಿ ಬಂದಿದೆ. ಆದರೆ ಒಣಗಿದ ಮೇಲೆ ನೀರು ಹೋಗಿ ಸಕ್ಕರೆ ಉಳಿಯುತ್ತದೆ. ಹಸಿ ಹಣ್ಣಿನ 46 ಕ್ಯಾಲೊರಿ ಅಲ್ಲಿ 240ಕ್ಕೆ ಏರುತ್ತದೆ. ಒಣದ್ರಾಕ್ಷಿಯ ಲೆಕ್ಕವೇ ಇಲ್ಲಿಯೂ.

ಈ ಗಿಡ ನಮ್ಮಲ್ಲಿ ಯಾಕೆ ಬೆಳೆಯುವುದಿಲ್ಲ ಎಂದರೆ, ಅದಕ್ಕೆ ಚಳಿ ಬೇಕು. ಚಳಿಗಾಲದಲ್ಲಿ ನೂರಾರು ತಾಸು ಏಳು ಡಿಗ್ರಿಗಿಂತ ಕೆಳಗಿನ ಥಂಡಿಯಲ್ಲಿ ಮಲಗಿ ಎದ್ದರೆ ಮಾತ್ರ ಅದು ಚೆನ್ನಾಗಿ ಹೂ ಬಿಡುತ್ತದೆ. ಹಾಗಾಗಿ ಹಿಮಾಚಲ, ಕಾಶ್ಮೀರ, ಉತ್ತರಾಖಂಡ. ದಕ್ಷಿಣದಲ್ಲಿ ಎಂದರೆ ನೀಲಗಿರಿ, ಕೊಡೈಕನಾಲ್. ನೀಲಗಿರಿಯ ಕೂನೂರಿನಲ್ಲಿಯೇ 1918ರಲ್ಲಿ ಮೆಕ್‌ಕ್ಯಾರಿಸನ್ ಎಂಬ ಸಾಹೇಬ ಒಂದು ಚಿಕ್ಕ ಕೋಣೆಯಲ್ಲಿ ಆಹಾರದ ಸಂಶೋಧನೆ ಶುರು ಮಾಡಿದ. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ನಮ್ಮ ದೇಶದ ಯಾವ ಕಾಳಿನಲ್ಲಿ, ಯಾವ ಹಣ್ಣಿನಲ್ಲಿ ಏನೇನಿದೆ ಎಂದು ಅಳೆದು ಪುಸ್ತಕ ಮಾಡಿಕೊಟ್ಟವರು ಅವರೇ. ನಮ್ಮ ನೌಕರಿಯುದ್ದಕ್ಕೂ ಆ ಪುಸ್ತಕ ನಮ್ಮ ಚೀಲದಲ್ಲಿತ್ತು.

ಈಗ ಒಂದು ಮೋಜಿನ ಸಂಗತಿ. ಇಂಗ್ಲಿಷಿನವರು ನಮ್ಮ ದೇಶಕ್ಕೆ ಬಂದಾಗ ಇಲ್ಲಿಯ ಹಣ್ಣುಗಳಿಗೆ ಏನು ಹೆಸರಿಡಬೇಕು ಎಂದು ತಿಳಿಯದೆ ಸಿಕ್ಕಸಿಕ್ಕದ್ದಕ್ಕೆಲ್ಲ ಪ್ಲಮ್ ಎಂದುಬಿಟ್ಟರು. ನಮ್ಮ ನೇರಳೆ ಅವರಿಗೆ ಜಾವಾ ಪ್ಲಮ್. ನಮ್ಮ ಬಾರಿಹಣ್ಣು, ಮೈಸೂರು ಕಡೆಯವರು ಬೋರೆ, ಎಲಚಿ ಎನ್ನುತ್ತಾರಲ್ಲ, ಅದು ಇಂಡಿಯನ್ ಪ್ಲಮ್. ಮುಂಡಗೋಡ, ಶಿರಸಿ ಕಡೆಯವರು ಉಪ್ಪಿನಕಾಯಿ ಹಾಕುವ ಅಮಟೆಕಾಯಿ ಹಾಗ್ ಪ್ಲಮ್, ಅಂದರೆ ಹಂದಿ ಪ್ಲಮ್! ಇವು ಒಂದಕ್ಕೊಂದು ಬಳಗವಲ್ಲ. ನೇರಳೆಯ ಬಳಗ ಪೇರಲ, ಲವಂಗ, ನೀಲಗಿರಿ ಗಿಡ. ಬಾರಿಯದು ಬೇರೆ, ಅಮಟೆಯದು ಬೇರೆ. ಆದರೆ ದವಾಖಾನೆಯಲ್ಲಿ ಕುಳಿತು ನಾವು ಯೋಚನೆ ಮಾಡಿದ್ದು ಇಷ್ಟೇ: ಮುನ್ನೂರು ರೂಪಾಯಿಯ ಪ್ಲಮ್ ತಟ್ಟೆಯಲ್ಲಿದೆ. ಊರಲ್ಲಿ ಹಳ್ಳದ ದಂಡೆಯ ನೇರಳೆ ಮರದ ಕೆಳಗೆ ಇದೇ ಹೊತ್ತಿಗೆ ನೆಲ ನೀಲಿಯಾಗಿ ಬಿದ್ದಿದೆ, ದನ ತುಳಿಯುತ್ತಿವೆ.

ತೂಗಿ ನೋಡೋಣ. ನೂರು ಗ್ರಾಂ ನೇರಳೆ ತಿರುಳಿನಲ್ಲಿ ನೀರು ಸುಮಾರು 84 ಗ್ರಾಂ, ಪಿಷ್ಟ-ಸಕ್ಕರೆ 14 ಗ್ರಾಂ, ಶಕ್ತಿ 60 ಕ್ಯಾಲೊರಿ ಹತ್ತಿರ, ಸಿ ಜೀವಸತ್ವ 15ರಿಂದ 18 ಮಿಲಿಗ್ರಾಂ. ಪ್ಲಮ್ಮಿಗಿಂತ ಸ್ವಲ್ಪ ಮೇಲೆಯೇ. ಇನ್ನು ಬಾರಿಹಣ್ಣು. ಸಂಕ್ರಾಂತಿಗೆ ಕೂಸಿನ ತಲೆಯ ಮೇಲೆ ಎರೆದು, ಉಳಿದದ್ದನ್ನು ಓಣಿಯ ಹುಡುಗರು ಆರಿಸಿ ತಿನ್ನುತ್ತವಲ್ಲ, ಅದು. ಅದರಲ್ಲಿ ಸಿ ಜೀವಸತ್ವ ಎಪ್ಪತ್ತರ ಸುತ್ತಮುತ್ತ ಇದೆ! ಪ್ಲಮ್ಮಿನ ಏಳು ಪಟ್ಟು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ. ಅಂದರೆ ನೂರು ಗ್ರಾಂ ಬಾರಿಹಣ್ಣು ಹೆಚ್ಚುಕಡಿಮೆ ಒಂದು ದಿನದ ಪಾಲು. ಹಿತ್ತಲ ಪೇರಲವಂತೂ ಇನ್ನೂರರ ಆಸುಪಾಸು. ಪೇಟೆಯ ಹಣ್ಣು ಮೇಣ ಹಚ್ಚಿ ಹೊಳೆಯುತ್ತದೆ, ಹೆಸರು ಇಂಗ್ಲಿಷಿನಲ್ಲಿದೆ, ಅದಕ್ಕೆ ಮರ್ಯಾದೆ. ಬಾರಿಹಣ್ಣಿಗೆ ಮುಳ್ಳು ಇದೆ, ಒಳಗೆ ಒಮ್ಮೊಮ್ಮೆ ಹುಳವೂ ಇದೆ. ಬಿಡಿಸಿ ನೋಡಿ ತಿನ್ನಬೇಕು, ಅಷ್ಟೇ.

ನೇರಳೆಯ ಬಣ್ಣದ ಮಾತನ್ನೂ ಹೇಳಿಬಿಡುತ್ತೇವೆ. ನಾಲಿಗೆಯನ್ನು ನೀಲಿ ಮಾಡುವ ಆ ಬಣ್ಣಕ್ಕೆ ಆಂಥೋಸಯನಿನ್ ಎಂದು ಹೆಸರು. ಪ್ಲಮ್ಮಿನ ಸಿಪ್ಪೆಯಲ್ಲಿಯೂ, ನಮ್ಮ ಬದನೆಕಾಯಿಯ ಸಿಪ್ಪೆಯಲ್ಲಿಯೂ ಇರುವುದು ಅದೇ ಬಳಗದ ಬಣ್ಣ. ಶರೀರದ ಜೀವಕಣಗಳು ಸವೆಯದಂತೆ ಇಂಥ ಬಣ್ಣಗಳು ಸಹಾಯ ಮಾಡುತ್ತವೆ ಎನ್ನುತ್ತಾರೆ ತಿಳಿದವರು. ಒಗರಿಗೆ ಕಾರಣ ಟ್ಯಾನಿನ್. ಚಹಾದಲ್ಲಿ, ಅಡಿಕೆಯಲ್ಲಿ ಇರುವುದೂ ಅದೇ ಜಾತಿಯದು.

ಇನ್ನು ನಮ್ಮ ಅಜ್ಜಿಯರ ಮಾತು. "ವರ್ಷಕ್ಕೊಮ್ಮೆಯಾದ್ರೂ ನೇರಲಹಣ್ಣು ತಿನ್ನಬೇಕು, ಹೊಟ್ಟ್ಯಾಗಿನ ಕೂದಲಾ ಕರಗಿ ಹೋಗ್ತಾವ" ಎಂದು ಹೇಳುತ್ತಿದ್ದರು. ನಾವೂ ನಂಬಿದ್ದೆವು. ಇಲಾಖೆಗೆ ಸೇರಿದ ಹೊಸತರಲ್ಲಿ ಒಬ್ಬ ವೈದ್ಯರನ್ನು ಕೇಳಿದೆವು. ಅವರು ನಕ್ಕು, "ಕೂದಲನ್ನ ನೇರಳೆಯಲ್ಲ, ಮನುಷ್ಯನ ಜಠರದ ಆಮ್ಲವೂ ಕರಗಿಸಲಾರದು" ಎಂದರು. ಆದರೆ ಅಜ್ಜಿಯ ಮಾತಿನ ಫಲ ಸುಳ್ಳಲ್ಲ. ಆ ಮಾತಿನ ನೆಪದಲ್ಲಿ ಮನೆಯ ಪ್ರತಿಯೊಬ್ಬರೂ ಒಂದೊಂದು ಹಿಡಿ ಹಣ್ಣು ತಿನ್ನುತ್ತಿದ್ದರು. ನಾವು ವಿಜ್ಞಾನ ಕಲಿತು ಕೂದಲಿನ ಕಥೆ ಬಿಟ್ಟೆವು, ಜೊತೆಗೆ ಹಣ್ಣನ್ನೂ ಬಿಟ್ಟೆವು.

ಇನ್ನೊಂದು ಮಾತು, ತಾಯಂದಿರು ದಯವಿಟ್ಟು ಕೇಳಬೇಕು. ನೇರಳೆ ಕಪ್ಪಗಿದೆ, ಅದಕ್ಕೆ ರಕ್ತ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಬಣ್ಣ ನೋಡಿ ಮೋಸ ಹೋಗಬಾರದು. ಅದರಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ, ಮೇಲಾಗಿ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಗೊಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಈ ಮಂಟಪದಲ್ಲಿ ಕುಳಿತ ಇಬ್ಬರು ತಾಯಂದಿರಲ್ಲಿ ಒಬ್ಬರಿಗೆ ಎಂದು ಲೆಕ್ಕ ಹಿಡಿಯಿರಿ. ಇವರಿಗೆ ಬೇಕಾದದ್ದು ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಗುಳಿಗೆ, ಕಾಳುಪಲ್ಯೆ, ತಪ್ಪಲಪಲ್ಯೆ. ಆ ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಇಲ್ಲವೇ ಒಂದು ಹೋಳು ಪೇರಲ, ನಾಲ್ಕು ಬಾರಿಹಣ್ಣು ತಿನ್ನಿ. ಸಿ ಜೀವಸತ್ವ ಇದ್ದರೆ ಕಾಳು-ತಪ್ಪಲಿನ ಕಬ್ಬಿಣ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಚಹಾ ಮಾತ್ರ ಊಟವಾಗಿ ಒಂದು ತಾಸು ಆದ ಮೇಲೆ. ಇದನ್ನು ನಾವು ಮೂವತ್ತು ವರ್ಷ ಹೇಳಿದ್ದೇವೆ. ನಮ್ಮ ಮನೆಯಲ್ಲಿಯೇ ಊಟದ ತಟ್ಟೆ ಎತ್ತುವ ಮೊದಲು ಚಹಾ ಬರುತ್ತದೆ, ಅದು ಬೇರೆ ಮಾತು.

ಈಗ ಅಣ್ಣಾರ ಸಂಗತಿ. ಈ ಮಾತನ್ನು ಸಭೆಯಲ್ಲಿ ಹೇಳಲು ಅವರ ಅಪ್ಪಣೆ ಪಡೆದಿದ್ದೇವೆ. "ಹೇಳು, ನನ್ನ ಬೆರಳು ಹೋದ್ರ ಹೋಗ್ಲಿ, ಮತ್ತೊಬ್ಬರದು ಉಳೀಲಿ" ಎಂದಿದ್ದಾರೆ.

ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಎರಡು ಗುಳಿಗೆ. ಶುಗರ್ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಿದ್ದರೂ ಹೊಲದ ಕೆಲಸಕ್ಕೆ ಏನೂ ಕೊರತೆ ಇರಲಿಲ್ಲ. ಯಾರೋ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರಂತೆ: ನೇರಳೆ ಬೀಜದ ಪುಡಿ ಮೂರು ತಿಂಗಳು ತೆಗೆದುಕೊಂಡರೆ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ, ಗುಳಿಗೆ ಬಿಡಬಹುದು, ಗುಳಿಗೆಯಿಂದ ಕಿಡ್ನಿ ಕೆಡುತ್ತದೆ ಎಂದು. ಅಣ್ಣಾರು ನಮ್ಮ ಹತ್ತಿರ ಬಂದರು. ನಾವು ಏನು ಮಾಡಬೇಕಿತ್ತು? ತಡೆಯಬೇಕಿತ್ತು. ನಾವು ತಡೆಯಲಿಲ್ಲ. ಹಿತ್ತಲ ಗಿಡ, ನಮ್ಮ ಹಿರಿಯರ ಔಷಧ, ಆಯುರ್ವೇದದಲ್ಲಿಯೂ ಹೇಳಿದೆ, ತಿಂದರೆ ಏನಾದೀತು ಎಂದುಕೊಂಡೆವು. ಅಷ್ಟೇ ಅಲ್ಲ. ಆ ವರ್ಷ ಕಾರಹುಣ್ಣಿಮೆಯ ಮುಂದೆ ಮರದಡಿಯ ಬೀಜ ಆರಿಸಿ, ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಒರಳಿನಲ್ಲಿ ಕುಟ್ಟಿ, ಸಾಣಿಗೆಯಲ್ಲಿ ಹಿಡಿದು ಡಬ್ಬಿ ತುಂಬಿ ಕೊಟ್ಟವರು ನಾವೇ. ಗುಳಿಗೆ ಬಿಡಿ ಎಂದು ನಾವು ಹೇಳಲಿಲ್ಲ. ಬಿಡಬೇಡಿ ಎಂದೂ ಹೇಳಲಿಲ್ಲ. ಅವರು ಬಿಟ್ಟರು. ನಮಗೆ ಗೊತ್ತಾದದ್ದು ತಡವಾಗಿ.

ಶುಗರ್ ಏರಿದರೆ ನೋಯುವುದಿಲ್ಲ, ಅದೇ ಅದರ ಕೆಟ್ಟ ಗುಣ. ಬಹಳ ದಿನ ಏರಿಯೇ ಇದ್ದರೆ ಕಾಲಿನ ನರಗಳು ಜೋಮು ಹಿಡಿಯುತ್ತವೆ, ರಕ್ತದ ಓಡಾಟ ಕಡಿಮೆಯಾಗುತ್ತದೆ. ಗದ್ದೆಯಲ್ಲಿ ಕಾಲಿಗೆ ಏನೋ ಚುಚ್ಚಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಗಾಯ ಕೀವಾಗಿ ವಾಸನೆ ಬಂದಾಗ ಅತ್ತಿಗೆಯವರು ನೋಡಿದರು. ಅಷ್ಟರಲ್ಲಿ ಐದು ತಿಂಗಳಾಗಿತ್ತು, ಶುಗರ್ ನಾನೂರರ ಮೇಲೆ. ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆ ಖರ್ಚಿಗೆ ಇದೇ ಸಂಘದಲ್ಲಿ ಸಾಲ ಎತ್ತಿದೆವು. ಅಧ್ಯಕ್ಷರಿಗೆ ನೆನಪಿರಬಹುದು, ಅರ್ಜಿಯಲ್ಲಿ ಕಾರಣದ ಕಡೆ 'ವೈದ್ಯಕೀಯ' ಎಂದು ಒಂದೇ ಶಬ್ದ ಬರೆದೆವು. ಪೂರ್ತಿ ಬರೆಯಲು ನಮ್ಮ ಕೈ ಏಳಲಿಲ್ಲ.

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಹತ್ತಿರ ಇದ್ದದ್ದಕ್ಕೆ ಬೆಲೆ ಇಲ್ಲ ಎಂದು ಅದರ ಅರ್ಥ, ಆ ಅರ್ಥದಲ್ಲಿ ನಮ್ಮ ಬಾರಿ, ನೇರಳೆಗೆ ಅದು ಸರಿಯಾಗಿ ಒಪ್ಪುತ್ತದೆ. ಆದರೆ ಆ ಮೂರು ಶಬ್ದಗಳನ್ನು ಇದ್ದ ಹಾಗೆಯೇ ಓದಿಕೊಂಡರೂ ತಪ್ಪಲ್ಲ ಎಂದು ನಮಗೆ ಆ ದವಾಖಾನೆಯ ಬೆಂಚಿನ ಮೇಲೆ ಅನಿಸಿತು.

ಹಾಗಾದರೆ ನೇರಳೆ ಬೀಜದಲ್ಲಿ ಏನೂ ಇಲ್ಲವೇ? ಇದೆ. ಇಲಿಗಳ ಮೇಲೆ ಮಾಡಿದ ಎಷ್ಟೋ ಪ್ರಯೋಗಗಳಲ್ಲಿ ಬೀಜದ ಸಾರ ಕೊಟ್ಟಾಗ ಶುಗರ್ ಇಳಿದದ್ದು ಉಂಟು. ಆದರೆ ಇಲಿ ಬೇರೆ, ನಮ್ಮ ಅಣ್ಣಾರು ಬೇರೆ. ಬ್ರೆಜಿಲ್ ದೇಶದಲ್ಲಿಯೂ ನೇರಳೆ ಮರಗಳಿವೆ. ಅಲ್ಲಿಯ ಜನ ಸಕ್ಕರೆ ಕಾಯಿಲೆಗೆ ಅದರ ಎಲೆಯ ಚಹಾ ಕುಡಿಯುತ್ತಾರೆ. ಅಲ್ಲಿಯ ವೈದ್ಯರು ರೋಗಿಗಳನ್ನು ಗುಂಪು ಮಾಡಿ, ಕೆಲವರಿಗೆ ಆ ಎಲೆಯ ಚಹಾ, ಕೆಲವರಿಗೆ ಶುಗರಿನ ಗುಳಿಗೆ ಕೊಟ್ಟು ನೋಡಿದರು. ಗುಳಿಗೆ ತಿಂದವರ ಶುಗರ್ ಇಳಿಯಿತು, ಚಹಾ ಕುಡಿದವರದು ಇಳಿಯಲಿಲ್ಲ. 2004ರಲ್ಲಿ ಆ ವರದಿ ಅಚ್ಚಾಗಿದೆ. ಅದು ಎಲೆಯ ಮಾತು, ಬೀಜದ್ದಲ್ಲ ಎಂದು ಯಾರಾದರೂ ವಾದ ಮಾಡಬಹುದು, ಮಾಡಲಿ. ಪುಡಿ ತಿನ್ನಲೇಬೇಕು ಎನ್ನುವವರು ತಮ್ಮ ಡಾಕ್ಟರಿಗೆ ತಿಳಿಸಿ ತಿನ್ನಲಿ, ಯಾಕೆಂದರೆ ಗುಳಿಗೆಯ ಜೊತೆ ಸೇರಿ ಶುಗರ್ ವಿಪರೀತ ಇಳಿದು ತಲೆಸುತ್ತಿ ಬೀಳುವ ಭಯವೂ ಉಂಟು. ಗುಳಿಗೆಯನ್ನು ಮಾತ್ರ ಯಾರೂ ತಾವಾಗಿ ಬಿಡಬಾರದು. ಮತ್ತೆ ಆ ಕಿಡ್ನಿಯ ಮಾತು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಏರಿ ನಿಂತ ಸಕ್ಕರೆ, ಏರಿ ನಿಂತ ಬಿ.ಪಿ. ಗುಳಿಗೆ ಕೊಡುವುದೇ ಅದನ್ನು ತಡೆಯಲಿಕ್ಕೆ.

ಇದು ಒಬ್ಬರ ಮನೆಯ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಮೊದಲು ಇದನ್ನು ಪೇಟೆಯ ಸಾಹುಕಾರರ ರೋಗ ಎನ್ನುತ್ತಿದ್ದೆವು. ಈಗ ನಮ್ಮ ಹಾಲಿನ ಡೇರಿಯ ಸಾಲಿನಲ್ಲಿ ನಿಂತವರನ್ನು ಕೇಳಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತು ದಾಟಿದ ಎಲ್ಲರಿಗೂ ಶುಗರ್, ಬಿ.ಪಿ. ತಪಾಸಣೆ ಪುಕ್ಕಟೆ ಇದೆ, ಗುಳಿಗೆಯೂ ಪುಕ್ಕಟೆ. ಪುಕ್ಕಟೆ ಎಂದು ಅದಕ್ಕೂ ಬೆಲೆ ಇಲ್ಲವೇನೋ.

ಅಂಗಡಿಯಲ್ಲಿ 'ಶುಗರಿಗೆ ಒಳ್ಳೆಯದು' ಎಂದು ನೇರಳೆಯ ಬಾಟಲಿಗಳೂ ಬಂದಿವೆ. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಬೇಕು. ಸ್ಕ್ವಾಷ್ ಎಂದು ಬರೆದಿದ್ದರೆ ಸರ್ಕಾರದ ನಿಯಮದಂತೆ ನೂರಕ್ಕೆ 25 ಭಾಗ ಹಣ್ಣಿನ ರಸ ಇದ್ದರೆ ಸಾಕು, ಕರಗಿದ ಪದಾರ್ಥ ಮಾತ್ರ 40 ಭಾಗ ಇರಬೇಕು. ಆ ಕರಗಿದ ಪದಾರ್ಥದಲ್ಲಿ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆಯವರು ಅದನ್ನು ಔಷಧ ಎಂದು ಕುಡಿದರೆ ಏನು ಹೇಳುವುದು!

ಅಣ್ಣಾರ ಪ್ರಶ್ನೆಗೆ ಬರೋಣ. ತಿನ್ನಬಹುದೇನು? ದವಾಖಾನೆಯ ಡಾಕ್ಟರರೇ ಹೇಳಿದರು: ಪ್ಲಮ್ ಆದರೂ ತಿನ್ನಿ, ನೇರಳೆ ಆದರೂ ತಿನ್ನಿ, ಹಸಿ ಹಣ್ಣು ಹಾಗೇ ತಿನ್ನಿ, ರಸ ಮಾಡಬೇಡಿ, ಸಕ್ಕರೆ ಹಾಕಬೇಡಿ, ಒಂದೇ ಸಲ ಬುಟ್ಟಿ ಖಾಲಿ ಮಾಡಬೇಡಿ. ದಿನಕ್ಕೆ ನೂರು ಗ್ರಾಂ. ಪ್ಲಮ್ಮಾದರೆ ಒಂದೋ ಎರಡೋ, ನೇರಳೆಯಾದರೆ ಹತ್ತು ಹನ್ನೆರಡು. ಹೈದರಾಬಾದಿನ ಆ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ ಎಲ್ಲರಿಗೂ ದಿನಕ್ಕೆ ನೂರು ಗ್ರಾಂ ಹಣ್ಣು, ನಾನೂರು ಗ್ರಾಂ ಕಾಯಿಪಲ್ಯೆ ಎಂದೇ ಹೇಳಿದ್ದಾರೆ. ಹಾನಗಲ್ಲ ಎಂದರೆ ಮಾವು. ಮಾವಿನ ದಿನಗಳಲ್ಲಿ ನಾವು ಒಂದು ತಿಂಗಳು ಹಣ್ಣು ತಿಂದು ಕೈ ತೊಳೆದುಕೊಂಡರೆ ಮುಂದಿನ ಹನ್ನೊಂದು ತಿಂಗಳು ಹಣ್ಣಿನ ಹೆಸರಿಲ್ಲ. ಮಾವು ಮುಗಿಯುವ ಹೊತ್ತಿಗೆ, ಮೃಗಶಿರ, ಆರಿದ್ರ ಮಳೆಗೆ ನೇರಳೆ ಬರುತ್ತದೆ. ಥಂಡಿಯಲ್ಲಿ ಬಾರಿ, ಪೇರಲ. ಹಿರಿಯರು ಇದನ್ನು ಯೋಜನೆ ಮಾಡಿ ನೆಟ್ಟರೋ, ತಾವಾಗಿ ಬಂದವೋ, ಒಟ್ಟಿನಲ್ಲಿ ವರ್ಷವೆಲ್ಲ ಏನಾದರೂ ಒಂದು ಇರುತ್ತಿತ್ತು.

ಮಕ್ಕಳೇ, ನಿಮಗೆ ಒಂದೇ ಮಾತು. ನೇರಳೆ ಮರದ ಟೊಂಗೆ ನೋಡಲು ಗಟ್ಟಿ, ಭಾರ ಬಿದ್ದರೆ ಸಪ್ಪಳ ಮಾಡದೆ ಪಟ್ಟನೆ ಮುರಿಯುತ್ತದೆ, ಮಳೆಯಲ್ಲಿ ಜಾರುತ್ತದೆ ಬೇರೆ. ನೌಕರಿಯಲ್ಲಿದ್ದಾಗ ಪ್ರತಿ ಮಳೆಗಾಲ ನಾವು ಕೈ ಮುರಿದ ಒಬ್ಬಿಬ್ಬರು ಹುಡುಗರನ್ನು ನೋಡಿದ್ದೇವೆ. ಹತ್ತಬೇಡಿ. ಕೆಳಗೆ ಹಳೆಯ ಸೀರೆ ಹಿಡಿದು ಕೊಕ್ಕೆಯ ಗಳದಿಂದ ಅಲುಗಾಡಿಸಿ. ಮೇಲೆ ಕರೆಂಟಿನ ತಂತಿ ಇದ್ದರೆ ಗಳವನ್ನೂ ಮುಟ್ಟಬೇಡಿ. ಬಿದ್ದ ಹಣ್ಣನ್ನು ಉಪ್ಪುನೀರಿನಲ್ಲಿ ತೊಳೆಯಿರಿ. ಬಾವಲಿ, ಹಕ್ಕಿ ಕಚ್ಚಿದ್ದು ಬೇಡ. ಐದು ರೂಪಾಯಿಯ ಕುರುಕಲು ಪ್ಯಾಕೆಟ್ ತಿನ್ನಬೇಡಿ ಎಂದು ನಾವು ಹೇಳುವುದಿಲ್ಲ, ಹೇಳಿದರೆ ಕೇಳುವವರೂ ನೀವಲ್ಲ.

ಮರಗಳು ಯಾಕೆ ಹೋದವು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕಡಿದವರು ಹೊರಗಿನವರಲ್ಲ. ಬದುವಿನ ನೆರಳಿಗೆ ಗೋವಿನಜೋಳ ಏಳುವುದಿಲ್ಲ, ಟ್ರ್ಯಾಕ್ಟರ್ ತಿರುಗುವುದಿಲ್ಲ, ಹಣ್ಣು ಎರಡು ದಿನಕ್ಕೆ ಕೆಡುತ್ತದೆ, ಸಂತೆಗೆ ಒಯ್ಯುವಷ್ಟರಲ್ಲಿ ನೀರಾಗುತ್ತದೆ. ಕಡಿದವರದು ಪೂರ್ತಿ ತಪ್ಪು ಎನ್ನಲಾರೆವು. ಆದರೆ ಎಲ್ಲರಿಗೂ ಹಳ್ಳದ ದಂಡೆ ಇದೆ, ಹಿತ್ತಲಿದೆ, ಶಾಲೆಯ ಬಯಲಿದೆ. ಹೊಲದಲ್ಲೇ ಹಚ್ಚುವವರು ಉತ್ತರದ ಬದುವಿಗೆ ಹಚ್ಚಿ. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಇರುವುದರಿಂದ ನೆರಳು ನಿಮ್ಮ ಬೆಳೆಯ ಮೇಲೆ ಬೀಳುವುದಿಲ್ಲ. ಆ ಬದುವಿನ ಆಚೆ ಹಳ್ಳವೋ ದಾರಿಯೋ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೆರಳು ಪಕ್ಕದ ಹೊಲದವರ ಮೇಲೆ ಬಿದ್ದು ಹಾನಗಲ್ಲ ಕೋರ್ಟಿಗೆ ಇನ್ನೊಂದು ಕೇಸು ಆದೀತು.

ಬೀಜದಿಂದ ಬಂದ ಮರ ಹಣ್ಣು ಬಿಡಲು ಎಂಟು ಹತ್ತು ವರ್ಷ ತೆಗೆದುಕೊಳ್ಳುತ್ತದೆ, ಕಸಿ ಗಿಡ ಐದಾರು ವರ್ಷಕ್ಕೆ ಬರುತ್ತದೆ. ಗಿಡದಿಂದ ಗಿಡಕ್ಕೆ ಮೂವತ್ತು ಅಡಿ ಬಿಡಬೇಕು. ನಮ್ಮ ವಯಸ್ಸಿನವರು ಹಚ್ಚಿದರೆ ಹಣ್ಣು ತಿನ್ನುತ್ತೇವೋ ಇಲ್ಲವೋ. ಸಂಘದವರು ಬರುವ ಮಳೆಗಾಲಕ್ಕೆ ಗೊಬ್ಬರದ ಜೊತೆ ಶೇರುದಾರರಿಗೆ ತಲೆಗೊಂದು ಕಸಿ ಗಿಡ ತರಿಸಿ, ಕೊಂಡ ದರಕ್ಕೇ ಕೊಡಬೇಕು ಎಂದು ಆಡಳಿತ ಮಂಡಳಿಯ ಮುಂದೆ ಅರ್ಜಿ ಇಟ್ಟಿದ್ದೇವೆ. ಈ ಸಲ ಅರ್ಜಿಯಲ್ಲಿ ಕಾರಣವನ್ನು ಪೂರ್ತಿ ಬರೆದಿದ್ದೇವೆ.

ಅಷ್ಟರತನಕ ಕಾಯಲಾರದವರಿಗೆ ಒಂದು ಸುದ್ದಿ. ಹೋದ ಆರಿದ್ರ ಮಳೆಯಲ್ಲಿ ಅಣ್ಣಾರು ಕಟ್ಟೆಯ ಮೇಲೆ ಕುಳಿತು, ಮೊದಲು ಗುಳಿಗೆ ನುಂಗಿ, ಊಟ ಮಾಡಿ, ಆಮೇಲೆ ಎಣಿಸಿ ಹತ್ತು ನೇರಳೆ ತಿನ್ನುತ್ತಿದ್ದರು. ಬೀಜಗಳನ್ನು ಅಂಗಳಕ್ಕೆ ಉಗುಳುತ್ತಿದ್ದರು. ಅತ್ತಿಗೆಯವರು ಬೈಯುತ್ತಿದ್ದರು. ನೇರಳೆ ಬೀಜವನ್ನು ಎರಡು ವಾರ ಇಟ್ಟರೆ ಹುಟ್ಟುವ ಶಕ್ತಿ ಹೋಗುತ್ತದೆ, ಹಸಿಯಾಗಿ ನೆಲಕ್ಕೆ ಬಿದ್ದರೆ ಒಂದೇ ಬೀಜದಿಂದ ಎರಡು ಮೂರು ಸಸಿ ಬರುವುದೂ ಉಂಟು. ಈಗ ಅವರ ಅಂಗಳದ ತುಂಬ ಗೇಣುದ್ದದ ಸಸಿಗಳು. ಐವತ್ತನ್ನು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿಟ್ಟಿದ್ದಾರೆ, ಗೋದಾಮಿನ ಬಾಗಿಲ ಹತ್ತಿರ ಇವೆ. ಊಟ ಮುಗಿಸಿ ಹೋಗುವಾಗ ಒಂದೊಂದು ಒಯ್ಯಿರಿ. ಅಣ್ಣಾರೂ ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ. ಯಾರ ಮನೆಯಲ್ಲಾದರೂ ಶುಗರಿನ ಗುಳಿಗೆ ಬಿಟ್ಟವರಿದ್ದರೆ ದಯವಿಟ್ಟು ಅವರ ಜೊತೆ ಐದು ನಿಮಿಷ ಮಾತನಾಡಿಸಿ ಹೋಗಬೇಕು.